ನಾಕಾಬಂದಿಯಲ್ಲಿ ಅಡ್ಡ ನಿಲ್ಲಬೇಡಿ: ಅಪಾಯದ ವಾಹನ ತಡೆಯುವ ಪೊಲೀಸ್ ಸಿಬ್ಬಂದಿಯ ಸುರಕ್ಷತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಪಾಳಿಯ ನಾಕಾಬಂದಿ, ಹೆದ್ದಾರಿ ಗಸ್ತು, ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಕೆಲಸ ಮಾಡುವ ಕಾನ್‌ಸ್ಟೆಬಲ್, ಎಎಸ್‌ಐ, ಪಿಎಸ್‌ಐಗಳು ಹಾಗೂ ಅವರ ಜೊತೆ ನಿಲ್ಲುವ ಗೃಹರಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಠಾಣೆಯ ಸ್ಥಾಯಿ ಆದೇಶ ಇದ್ದಲ್ಲಿ ಅದೇ ಮೊದಲು.

ಮಾಮೂಲಿ ತಪಾಸಣೆಗೂ ಅಪಾಯದ ತಡೆಗೂ ಏನು ವ್ಯತ್ಯಾಸ?

ಹೆಲ್ಮೆಟ್, ಸೀಟ್ ಬೆಲ್ಟ್, ಡಿಎಲ್ ನೋಡುವುದು ಮಾಮೂಲಿ ತಪಾಸಣೆ. ಗಾಡಿಯೊಳಗಿರುವವರಿಗೆ ಸಿಕ್ಕಿಬಿದ್ದರೆ ಜೈಲು ಗ್ಯಾರಂಟಿ ಎಂಬ ಭಯ ಇದ್ದರೆ ಅದು ಅಪಾಯದ ತಡೆ. ದರೋಡೆ ಮಾಡಿ ಹೊರಟ ಕಾರು, ಕದ್ದ ವಾಹನ, ಗಾಂಜಾ ಸಾಗಣೆ, ವಾರಂಟ್ ಇರುವ ಆರೋಪಿ, ಪರ್ಮಿಟ್ ಇಲ್ಲದ ಮರಳು ಟಿಪ್ಪರ್, ಹಿಂದಿನ ನಾಕಾ ಮುರಿದು ಬಂದ ಗಾಡಿ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ.

ತೊಂದರೆ ಏನೆಂದರೆ, ಮಾಮೂಲಿ ತಪಾಸಣೆ ಯಾವ ಕ್ಷಣದಲ್ಲಾದರೂ ಅಪಾಯದ್ದಾಗಬಹುದು. ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ್ದರೆ, ಮುಂದಿನ ಪ್ಲೇಟೂ ಹಿಂದಿನ ಪ್ಲೇಟೂ ಬೇರೆಯಿದ್ದರೆ, ನಾಕಾ ಕಂಡು ದೂರದಲ್ಲೇ ಲೈಟ್ ಆರಿಸಿದರೆ, ನಿಂತ ಮೇಲೂ ಚಾಲಕ ಕ್ಲಚ್ ಒತ್ತಿ ಗೇರಿನಲ್ಲೇ ಇಟ್ಟಿದ್ದರೆ, ಹಿಂದಿನ ಸೀಟಿನವರು ಬಗ್ಗಿ ಏನನ್ನೋ ತಳ್ಳುತ್ತಿದ್ದರೆ ಅಲ್ಲಿಗೆ ಡಿಎಲ್ ಕೇಳುವ ಕೆಲಸ ನಿಲ್ಲಿಸಿ. ಎರಡು ಹೆಜ್ಜೆ ಹಿಂದೆ ಸರಿದು ಜೊತೆಯವರಿಗೆ ಸನ್ನೆ ಕೊಡಿ. ಸನ್ನೆ ಯಾವುದು ಎಂಬುದು ಪಾಳಿ ಶುರುವಾಗುವ ಮೊದಲೇ ಗೊತ್ತಾಗಿರಬೇಕು.

ಚಾಲಕನ ಬಳಿ ಬಂದೂಕು ಇರಬಹುದೆಂಬುದೇ ದೊಡ್ಡ ಭಯ ಅಲ್ಲವೇ?

ಅಮೆರಿಕದಲ್ಲಿ ಹೌದು. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಕಾರೊಂದನ್ನು ತಡೆದ ನಾಲ್ವರು ಹೆದ್ದಾರಿ ಪೊಲೀಸರು ಕೆಲವೇ ನಿಮಿಷಗಳಲ್ಲಿ ಗುಂಡಿಗೆ ಬಲಿಯಾದರು. ಆಮೇಲೆ ಅಲ್ಲಿನ ತರಬೇತಿಯೇ ಬದಲಾಯಿತು. ನಮ್ಮಲ್ಲಿ ಹೆಚ್ಚಾಗಿ ಆಯುಧವಾಗುವುದು ಗಾಡಿಯೇ.

2012ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಮೊರೇನಾದಲ್ಲಿ ಅಕ್ರಮವಾಗಿ ಕಲ್ಲು ಸಾಗಿಸುತ್ತಿದ್ದ ಟ್ರ್ಯಾಕ್ಟರ್ ತಡೆಯಲು ಹೋದ ಐಪಿಎಸ್ ಅಧಿಕಾರಿ ಅದರಡಿಗೆ ಸಿಕ್ಕಿ ಸತ್ತರು. 2022ರ ಜುಲೈನಲ್ಲಿ ಹರಿಯಾಣದ ನೂಹ್ ಜಿಲ್ಲೆಯಲ್ಲಿ ಡಂಪರ್ ಹರಿದು ಡಿಎಸ್‌ಪಿ ಸತ್ತರು. 2023ರ ಜೂನ್‌ನಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಮರಳು ಟ್ರ್ಯಾಕ್ಟರ್ ಹರಿದು ಹೆಡ್ ಕಾನ್‌ಸ್ಟೆಬಲ್ ಒಬ್ಬರು ಸತ್ತರು. ಐಪಿಎಸ್‌ನಿಂದ ಹೆಡ್ ಕಾನ್‌ಸ್ಟೆಬಲ್‌ವರೆಗೆ ದರ್ಜೆ ಬೇರೆಬೇರೆ. ಸತ್ತದ್ದು ಮಾತ್ರ ಒಂದೇ ರೀತಿ, ಚಕ್ರದ ಕೆಳಗೆ. ಹತ್ತು ಚಕ್ರದ ತುಂಬಿದ ಟಿಪ್ಪರ್ ಕಾನೂನಿನ ಮಿತಿಯೊಳಗೇ 28 ಟನ್ ಆಸುಪಾಸು ತೂಗುತ್ತದೆ. ಮರಳು ಗಾಡಿ ಆ ಮಿತಿಯನ್ನೂ ಮೀರಿರುತ್ತದೆ. ಅದರೆದುರು ಕೈ ಚಾಚಿ ನಿಂತವರ ಧೈರ್ಯದಿಂದ ಬ್ರೇಕ್ ಬೀಳುವುದಿಲ್ಲ.

ನಾಕಾಬಂದಿಗೆ ಎಂಥ ಜಾಗ ಆರಿಸಬೇಕು?

ಗಾಡಿಗಳು ತಾವಾಗಿಯೇ ನಿಧಾನವಾಗುವ ಜಾಗ. ಟೋಲ್ ಪ್ಲಾಜಾ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಬೆಳಕಿದೆ, ಸಿಸಿಟಿವಿ ಇದೆ, ಫಾಸ್ಟ್ಯಾಗ್ ದಾಖಲೆಯಿದೆ, ಗಾಡಿ ಎರಡು ಗೋಡೆಗಳ ನಡುವಿನ ಲೇನಿನಲ್ಲಿ ಇರುತ್ತದೆ. ಅದಿಲ್ಲದಿದ್ದರೆ ಹಂಪ್ ಇರುವ ಊರ ಬಾಗಿಲು, ವೃತ್ತ, ಏರು ರಸ್ತೆ ನೋಡಿ. ಏರಿನಲ್ಲಿ ತುಂಬಿದ ಲಾರಿ ತಟ್ಟನೆ ವೇಗ ಹಿಡಿಯಲಾರದು. ಇಳಿಜಾರಿನಲ್ಲಿ ಅದನ್ನು ಎಂದೂ ತಡೆಯಬೇಡಿ. ಘಾಟಿ ಇಳಿದು ಬಂದ ಲಾರಿಯ ಬ್ರೇಕ್ ಡ್ರಮ್ ಕಾದಿರುತ್ತದೆ. ಚಾಲಕ ಒಳ್ಳೆಯವನೇ ಆದರೂ ಗಾಡಿ ನಿಲ್ಲದೆ ಹೋಗಬಹುದು.

ತಿರುವಿನ ಹಿಂದೆ, ಸೇತುವೆಯ ಮೇಲೆ, ಫ್ಲೈಓವರ್ ಇಳಿಯುವಲ್ಲಿ ನಾಕಾ ಬೇಡವೇ ಬೇಡ. ಅನಿರೀಕ್ಷಿತವಾಗಿ ಎದುರಾಗಿ ಹಿಡಿಯಬೇಕೆಂಬ ಆಸೆಗೆ ಅಂಥ ಜಾಗ ಆರಿಸುವವರಿದ್ದಾರೆ. ಹೀಗೆ ಎದುರಾದಾಗ ಕಳ್ಳನೂ, ಕುಟುಂಬ ಸಮೇತ ಧರ್ಮಸ್ಥಳಕ್ಕೆ ಹೊರಟವರೂ ಒಂದೇ ಥರ ಗಾಬರಿ ಬೀಳುತ್ತಾರೆ.

ಸೂಚನೆ ಎಷ್ಟು ದೂರದಿಂದ ಕಾಣಬೇಕು?

ಲೆಕ್ಕ ಸರಳ. 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ನೋಡಿ, ಅರ್ಥಮಾಡಿಕೊಂಡು, ಬ್ರೇಕ್ ಒತ್ತಿ ನಿಲ್ಲಿಸಲು ರಸ್ತೆ ವಿನ್ಯಾಸದವರು ಹಿಡಿಯುವ ದೂರ ಸುಮಾರು 120 ಮೀಟರ್. 100 ಕಿ.ಮೀ. ಇದ್ದರೆ 180 ಮೀಟರ್. ಒದ್ದೆ ರಸ್ತೆಯಲ್ಲಿ, ಸವೆದ ಟೈರಿನಲ್ಲಿ ಇನ್ನೂ ಹೆಚ್ಚು. ಹಾಗಾಗಿ ಹೆದ್ದಾರಿಯಲ್ಲಿ ಮೊದಲ ಮಿನುಗು ದೀಪ ಮತ್ತು ‘ಮುಂದೆ ಪೊಲೀಸ್ ತಪಾಸಣೆ’ ಫಲಕ ಕನಿಷ್ಠ 200 ಮೀಟರ್ ಹಿಂದೆ ಇರಲಿ, 100 ಮೀಟರಿಗೆ ಕೋನ್‌ಗಳು ಶುರುವಾಗಲಿ.

ಬ್ಯಾರಿಕೇಡ್‌ಗಳನ್ನು ಹಾವಿನಂತೆ ಅಡ್ಡಾದಿಡ್ಡಿ ಇಡುವ ಪದ್ಧತಿ ಊರೊಳಗೆ ಸರಿ. ವೇಗದ ಹೆದ್ದಾರಿಯಲ್ಲಿ ಅದೇ ಅಪಘಾತಕ್ಕೆ ದಾರಿ.

ಚಕ್ರವಿರುವ ಕಬ್ಬಿಣದ ಬ್ಯಾರಿಕೇಡ್ ಗೋಡೆಯಲ್ಲ. ಕಾರು ಗುದ್ದಿದರೆ ಅದೇ ಹಾರಿ ಬಂದು ಹಿಂದಿದ್ದವರ ಎದೆಗೆ ಬಡಿಯುತ್ತದೆ. ಬ್ಯಾರಿಕೇಡಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವ ಚಾಳಿ ಅನೇಕ ಕಡೆ ಇದೆ. ಬೆಳಗಿನ ಜಾವ 3ರಿಂದ 5ರ ನಡುವೆ ಕೂತವರಿಗೂ ನಿದ್ದೆ, ಲಾರಿ ಚಾಲಕನಿಗೂ ನಿದ್ದೆ. ಕುರ್ಚಿ ಬೇಕಿದ್ದರೆ ರಸ್ತೆಬದಿಯ ಉಕ್ಕಿನ ತಡೆಗಂಬಿಯ ಆಚೆಗೆ ಹಾಕಿಕೊಳ್ಳಿ.

ಎಷ್ಟು ಜನ ಬೇಕು? ಯಾರ ಕೆಲಸ ಏನು?

ಇಬ್ಬರೇ ಇದ್ದರೆ ಮಾಮೂಲಿ ತಪಾಸಣೆ ಮಾಡಿ, ಅಪಾಯದ ಗಾಡಿಯನ್ನು ತಡೆಯಬೇಡಿ. ನಂಬರ್, ಬಣ್ಣ, ಹೋದ ದಿಕ್ಕನ್ನು ಕಂಟ್ರೋಲ್ ರೂಮಿಗೆ ಹೇಳಿ ಬಿಟ್ಟುಬಿಡಿ. ಅಪಾಯದ ತಡೆಗೆ ಕನಿಷ್ಠ ಐದು ಜನ, ಎರಡು ವಾಹನ ಇಟ್ಟುಕೊಳ್ಳುವುದು ಒಳ್ಳೆಯದು:

- ಮಾತನಾಡುವವರು ಒಬ್ಬರೇ. ಸಾಮಾನ್ಯವಾಗಿ ಪಿಎಸ್‌ಐ. ನಾಲ್ಕು ಜನ ನಾಲ್ಕು ಕಡೆಯಿಂದ ಕೂಗಿದರೆ ಒಳಗಿದ್ದವನು ಯಾವ ಮಾತು ಕೇಳಬೇಕು?
- ಆಯುಧ ಹಿಡಿದು ಕಾವಲಿಗೆ ಇಬ್ಬರು. ಇವರು ದಾಖಲೆ ನೋಡುವುದಿಲ್ಲ, ಡಿಕ್ಕಿ ತೆಗೆಯುವುದಿಲ್ಲ, ಫೋನ್ ಎತ್ತುವುದಿಲ್ಲ. ಕಣ್ಣು ಒಳಗಿನವರ ಕೈಗಳ ಮೇಲೆ.
- ಕೆಳಗಿಳಿದವರನ್ನು ಹಿಡಿದು ತಪಾಸಣೆ ಮಾಡಲು ಒಬ್ಬರು.
- ಹಿಂದಿನಿಂದ ಬರುವ ಗಾಡಿಗಳನ್ನು ನೋಡಲು ಒಬ್ಬರು. ಈ ಐದನೆಯವರನ್ನೇ ಎಲ್ಲರೂ ಮರೆಯುವುದು. ಆರೋಪಿ ಕಾರನ್ನು ಸುತ್ತುವರಿದು ನಿಂತವರ ಮೇಲೆ ಸಂಬಂಧವೇ ಇಲ್ಲದ ಇನ್ನೊಂದು ಲಾರಿ ನುಗ್ಗಬಹುದು.

ಕಾವಲಿನ ಇಬ್ಬರೂ ಕಾರಿನ ಒಂದೇ ಪಕ್ಕದಲ್ಲಿ ಅಥವಾ ಹಿಂದೆ ಓರೆಯಾಗಿ ನಿಲ್ಲಬೇಕು. ಎದುರುಬದುರು ನಿಂತರೆ ಒಬ್ಬರ ಗುಂಡು ಇನ್ನೊಬ್ಬರಿಗೆ.

ಕಾರು ನಿಂತಿತು. ಈಗ ಮುಂದಿನ ಹಂತ?

ಹತ್ತಿರ ಹೋಗದಿರುವುದೇ ಮುಂದಿನ ಹಂತ. ಮಾಮೂಲಿ ತಡೆಯಲ್ಲಿ ಜೀಪನ್ನು 5–6 ಮೀಟರ್ ಹಿಂದೆ ನಿಲ್ಲಿಸುತ್ತೇವೆ. ಅಪಾಯದ ತಡೆಯಲ್ಲಿ 12–15 ಮೀಟರ್ ಅಂತರ ಬಿಡಿ. ಜೀಪಿನ ಹೈ ಬೀಮ್ ಹಾಕಿ, ಒಳಗಿದ್ದವರಿಗೆ ಕನ್ನಡಿಯಲ್ಲಿ ಬೆಳಕು ಬಿಟ್ಟು ಬೇರೇನೂ ಕಾಣಬಾರದು. ಆ ಬೆಳಕಿನ ಮುಂದೆ ನೀವು ಓಡಾಡಬೇಡಿ, ನಿಮ್ಮ ನೆರಳು ಅವರಿಗೆ ಗುರಿ ತೋರಿಸುತ್ತದೆ.

ಆಮೇಲೆ ಮೈಕ್‌ನಲ್ಲಿ ಒಂದೊಂದಾಗಿ ಹೇಳಿ. ಒಂದು ಮುಗಿದ ಮೇಲೆ ಇನ್ನೊಂದು.

1. “ಎಂಜಿನ್ ಆಫ್ ಮಾಡಿ.”
2. “ಡ್ರೈವರ್, ಕೀ ಕಾರಿನ ಮೇಲಿಡಿ.”
3. “ಎಲ್ಲರೂ ಎರಡೂ ಕೈ ಕಿಟಕಿಯಿಂದ ಹೊರಗೆ ಹಾಕಿ.”
4. “ಡ್ರೈವರ್ ಒಬ್ಬರೇ, ಹೊರಗಿನಿಂದ ಬಾಗಿಲು ತೆಗೆದು ಇಳೀರಿ.”
5. “ಆ ಕಡೆ ತಿರುಗಿ. ಕೈ ಮೇಲೆ. ಹಿಂದಕ್ಕೆ ನಡೀರಿ.”

ಅವನು ಬೆನ್ನು ತೋರಿಸಿ ನಿಮ್ಮ ಕಡೆ ನಡೆದು ಬರಬೇಕು, ನೀವು ಕಾರಿನತ್ತ ಹೋಗಬಾರದು. ಜೀಪಿನ ಮರೆಗೆ ಬಂದ ಮೇಲೆ ಮಂಡಿಯೂರಿಸಿ, ಕೈ ಕಟ್ಟಿಸಿ, ಆಮೇಲೆ ತಪಾಸಣೆ. ಹೀಗೆ ಒಬ್ಬೊಬ್ಬರೇ ಬರಲಿ. ಕೊನೆಯವನು ಇಳಿದ ಮೇಲೂ ಕಾರು ಖಾಲಿಯೆಂದು ನಂಬಬೇಡಿ. ಡಿಕ್ಕಿ, ಹಿಂದಿನ ಸೀಟಿನ ಕಾಲಿಡುವ ಜಾಗ ಎರಡನ್ನೂ ನೋಡಬೇಕು.

ಈ ಕ್ರಮ ಎರಡು ಕಡೆ ಕೆಡುತ್ತದೆ. ಮೊದಲನೆಯದು ಭಾಷೆ. ಅತ್ತಿಬೆಲೆಯಲ್ಲಿ ತಮಿಳು, ನಿಪ್ಪಾಣಿಯಲ್ಲಿ ಮರಾಠಿ, ರಾಯಚೂರು ಕಡೆ ತೆಲುಗು, ಎಲ್ಲ ಕಡೆ ಹಿಂದಿ. ಈ ಐದು ವಾಕ್ಯಗಳನ್ನು ಹಿಂದಿಯಲ್ಲೂ ಗಡಿಯ ಭಾಷೆಯಲ್ಲೂ ಬಾಯಿಪಾಠ ಮಾಡಿಕೊಳ್ಳಿ. ಅರ್ಥವಾಗದೆ ಸುಮ್ಮನೆ ಕೂತವನನ್ನು ಹಟಮಾರಿ ಎಂದುಕೊಂಡರೆ ಅನಾಹುತ. ಎರಡನೆಯದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು. ಇದರಲ್ಲಿ ಕೀ ಹೊರಗೆ ಬಂದರೂ ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ. ಕೀ ಕಂಡ ಕೂಡಲೇ ನಿರಾಳವಾಗದೆ ಎಂಜಿನ್ ಸದ್ದು ನಿಂತದ್ದನ್ನು ಕಿವಿಯಿಂದ ಖಚಿತಮಾಡಿಕೊಳ್ಳಿ.

ಜೀಪಿನ ಬಾಗಿಲಿನ ಮರೆಯಲ್ಲಿ ನಿಂತರೆ ಸಾಲದೇ?

ಸಾಲದು. ಬಾಗಿಲು ಎಂದರೆ ಎರಡು ತೆಳು ತಗಡು. ನಾಡಪಿಸ್ತೂಲಿನ ಗುಂಡೂ ದಾಟಬಹುದು. ಗುಂಡು ತಡೆಯುವುದು ಎಂಜಿನ್ ಬ್ಲಾಕ್ ಮತ್ತು ಚಕ್ರದ ಡಿಸ್ಕ್ ಇರುವ ಭಾಗ. ಬುಲೆಟ್ ಪ್ರೂಫ್ ಜಾಕೆಟ್ ಇದ್ದರೆ ಹಾಕಿಕೊಳ್ಳಿ, ಆದರೆ ಅದು ಬಂಪರಿನ ಪೆಟ್ಟಿಗೆ ಏನೂ ಮಾಡದು.

ಮಾಮೂಲಿ ತಪಾಸಣೆಯಲ್ಲಿ ಯಾವ ಕಡೆಯಿಂದ ಹೋಗಿ ಮಾತನಾಡಬೇಕು?

ಎಡಗಡೆಯಿಂದ. ನಮ್ಮಲ್ಲಿ ಚಾಲಕ ಬಲಕ್ಕೆ, ಹರಿಯುವ ಟ್ರಾಫಿಕ್ಕೂ ಬಲಕ್ಕೆ. ಬಲ ಕಿಟಕಿಗೆ ಬಗ್ಗಿದರೆ ನಿಮ್ಮ ಬೆನ್ನು ರಸ್ತೆಗೆ ಸಿಗುತ್ತದೆ. ಎಡ ಕಿಟಕಿಯ ಹಿಂಭಾಗದಲ್ಲಿ ನಿಂತರೆ ಎಲ್ಲರ ಕೈ, ಡ್ಯಾಶ್‌ಬೋರ್ಡು, ಸೀಟಿನ ನಡುವಿನ ಜಾಗ ಕಾಣುತ್ತದೆ, ಚಾಲಕ ನಿಮ್ಮನ್ನು ನಿರೀಕ್ಷಿಸುವುದು ಇನ್ನೊಂದು ಕಡೆ. ಬಲಕ್ಕೆ ಹೋಗಲೇಬೇಕಿದ್ದರೆ ಜೀಪನ್ನು ಆ ಕಾರಿಗಿಂತ ಒಂದು ಮೀಟರ್ ಬಲಕ್ಕೆ ಸರಿಸಿ ನಿಲ್ಲಿಸಿ, ಜೀಪಿನ ಮರೆಯಲ್ಲಿ ನಡೆಯಲು ಜಾಗವಾಗುತ್ತದೆ. ಎರಡು ಗಾಡಿಗಳ ನಡುವೆ ಮಾತ್ರ ನಿಲ್ಲಬೇಡಿ. ಹಿಂದಿನಿಂದ ಯಾರಾದರೂ ಗುದ್ದಿದರೆ ಎರಡೂ ಕಾಲು ಹೋಗುತ್ತವೆ.

ಕಿಟಕಿಯೊಳಗೆ ಕೈ ಹಾಕಿ ಕೀ ತೆಗೆದುಕೊಂಡರೆ ಸುಲಭವಲ್ಲವೇ?

ಪೊಲೀಸರನ್ನು ಬಾನೆಟ್ ಮೇಲೆ ಹೊತ್ತೊಯ್ದ, ಕಿಟಕಿಗೆ ಜೋತುಬಿದ್ದವರನ್ನು ಎಳೆದೊಯ್ದ ವಿಡಿಯೊಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ತಪ್ಪು. ಚಾಲಕ ಗಾಜು ಏರಿಸಿದರೆ ತೋಳು ಸಿಕ್ಕಿಕೊಳ್ಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ನೀವು ಅವನ ಜೊತೆ ಹೊರಟಿರಿ. ಬಾನೆಟ್ ಮುಂದೆ ಹೋಗಿ ನಿಲ್ಲುವುದೂ ಅಷ್ಟೇ.

ಕೀ ಕಿತ್ತುಕೊಳ್ಳಬಾರದೆಂಬುದು ಈಗ ಇಲಾಖೆಯ ಸೂಚನೆಯೂ ಹೌದು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆ ವೇಳೆ ಬೈಕ್ ಬಿದ್ದು ಮಗುವೊಂದು ಸತ್ತ ಮೇಲೆ ರಾಜ್ಯದ ಪೊಲೀಸರಿಗೆ ಸೂಚನೆಗಳು ಬಂದವು. ದಿಢೀರನೆ ರಸ್ತೆಗೆ ನುಗ್ಗಿ ಗಾಡಿ ತಡೆಯಬೇಡಿ, ಕೀ ಕಿತ್ತುಕೊಳ್ಳಬೇಡಿ, ಸವಾರರನ್ನು ಎಳೆಯಬೇಡಿ, ಬೆನ್ನಟ್ಟಬೇಡಿ ಎಂಬುದು ಅವುಗಳ ಸಾರ. ಜನರಿಗಾಗಿ ಮಾಡಿದ ನಿಯಮಗಳಂತೆ ಕಂಡರೂ ಇವುಗಳಲ್ಲಿ ಒಂದೊಂದೂ ಸಿಬ್ಬಂದಿಯ ಕೈಕಾಲನ್ನೂ ಉಳಿಸುತ್ತದೆ.

ನಿಲ್ಲಿಸದೆ ನುಗ್ಗಿದ ಗಾಡಿಯನ್ನು ಬೆನ್ನಟ್ಟಬೇಕೇ?

ಬೈಕಿನಲ್ಲಿ ಎಂದೂ ಬೇಡ. ಜೀಪಿನಲ್ಲೂ, ಒಳಗಿರುವವನನ್ನು ಬಿಟ್ಟರೆ ಈಗಲೇ ಇನ್ನೊಂದು ಜೀವ ಹೋಗುತ್ತದೆ ಎಂಬಂಥ ಪರಿಸ್ಥಿತಿ ಇದ್ದರೆ ಮಾತ್ರ, ಅದೂ ಕಂಟ್ರೋಲ್ ರೂಮಿಗೆ ಹೇಳಿ.

ಗಂಟೆಗೆ 100 ಕಿ.ಮೀ. ಓಡುವ ಕಾರು 10 ಕಿ.ಮೀ. ದೂರದ ಮುಂದಿನ ನಾಕಾ ತಲುಪಲು 6 ನಿಮಿಷ ಬೇಕು. ವಾಕಿಟಾಕಿಯ ಮಾತು ತಲುಪಲು ಹತ್ತು ಸೆಕೆಂಡ್ ಸಾಕು. ಹೇಳುವ ಕ್ರಮ ಹೀಗಿರಲಿ: ನಂಬರ್ (ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ), ಮಾದರಿ ಮತ್ತು ಬಣ್ಣ, ಒಳಗೆ ಎಷ್ಟು ಜನ, ಯಾವ ಕಡೆ ಹೋಯಿತು, ಏಕೆ ತಡೆದದ್ದು, ಆಯುಧ ಕಂಡಿತೇ. ಬಾಡಿ ಕ್ಯಾಮೆರಾ ಆನ್ ಇದ್ದರೆ ನಂಬರ್ ಅದರಲ್ಲೂ ಸಿಗುತ್ತದೆ. “ಕಣ್ಣೆದುರೇ ಬಿಟ್ಟರಲ್ಲ” ಎಂದು ಮೇಲಿನವರು ಬೈಯುವ ಠಾಣೆಯಲ್ಲಿ ಸಿಬ್ಬಂದಿ ಬೆನ್ನಟ್ಟಿಯೇ ಬೆನ್ನಟ್ಟುತ್ತಾರೆ. ಮೊದಲು ಬದಲಾಗಬೇಕಾದ್ದು ಆ ಬೈಗುಳ.

ಓಡುವ ಗಾಡಿಯ ಟೈರಿಗೆ ಗುಂಡು ಹೊಡೆಯಬಹುದೇ?

ಸಿನಿಮಾದಲ್ಲಿ ನಡೆಯುತ್ತದೆ. ನಿಜದಲ್ಲಿ ಓಡುವ ಟೈರಿಗೆ ಗುರಿ ಸಿಗುವುದೇ ಕಷ್ಟ. ಸಿಕ್ಕರೂ ಟ್ಯೂಬ್‌ಲೆಸ್ ಟೈರಿನ ಗಾಳಿ ಒಮ್ಮೆಲೇ ಹೋಗುವುದಿಲ್ಲ. ಲಾರಿಯ ಹಿಂದೆ ಜೋಡಿ ಚಕ್ರಗಳು. ತಪ್ಪಿದ ಗುಂಡು ಡಾಂಬರಿಗೆ ತಾಗಿ ಎತ್ತೆತ್ತಲೋ ಹಾರುತ್ತದೆ. ಚಾಲಕನಿಗೇ ತಗುಲಿದರೆ ಆ ಗಾಡಿಗೆ ಹಿಡಿತವೇ ಇರುವುದಿಲ್ಲ.

ಕಾನೂನಿನಲ್ಲಿ, ಜೀವಕ್ಕೆ ಬಂದಾಗಿನ ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ. ಗಾಡಿ ನಿಮ್ಮನ್ನು ದಾಟಿ ಹೋದ ಮೇಲೆ ನಿಮ್ಮ ಜೀವಕ್ಕಿದ್ದ ಅಪಾಯ ಮುಗಿಯಿತು. ಆಮೇಲಿನ ಗುಂಡಿಗೆ ಸಮರ್ಥನೆ ಕಷ್ಟ. ಗಾಡಿ ನಿಮ್ಮತ್ತಲೇ ಬರುತ್ತಿದ್ದರೆ ಗುರಿಯಿಡುವ ಎರಡು ಸೆಕೆಂಡಿನಲ್ಲಿ ಪಕ್ಕಕ್ಕೆ ಹಾರಬಹುದು. ಅದಕ್ಕೇ ನಿಂತ ಜಾಗದ ಪಕ್ಕದಲ್ಲಿ ಹಾರಲು ಎಡೆಯಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು.

ಮುಳ್ಳಿನ ಪಟ್ಟಿ ಬಳಸುವುದು ಹೇಗೆ?

ಒಳ್ಳೆಯ ಪಟ್ಟಿಯ ಮುಳ್ಳುಗಳು ಟೊಳ್ಳು. ಟೈರಿಗೆ ಚುಚ್ಚಿಕೊಂಡು ಗಾಳಿಯನ್ನು ನಿಧಾನಕ್ಕೆ ಬಿಡುತ್ತವೆ, ಗಾಡಿ ಪಲ್ಟಿಯಾಗದೆ ಕೆಲವು ನೂರು ಮೀಟರ್ ಮುಂದೆ ಹೋಗಿ ನಿಲ್ಲುತ್ತದೆ. ಹಲಗೆಗೆ ಮೊಳೆ ಹೊಡೆದು ಮಾಡಿದ್ದು ಟೈರನ್ನೇ ಸಿಗಿಯುತ್ತದೆ. ಪಟ್ಟಿಯನ್ನು ಹಗ್ಗದಿಂದ ರಸ್ತೆಗೆ ಎಳೆಯುವವರು ತಡೆಗಂಬಿ ಅಥವಾ ಗೋಡೆಯ ಆಚೆ ಇರಬೇಕು, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಲೇಬಾರದು. ಪಟ್ಟಿ ಚಕ್ರಕ್ಕೆ ಸುತ್ತಿಕೊಂಡರೆ ಹಗ್ಗದ ಜೊತೆ ನೀವೂ ಹೋಗುತ್ತೀರಿ. ಗುರಿಯ ಗಾಡಿ ದಾಟಿದ ಕೂಡಲೇ ಎಳೆದುಕೊಳ್ಳಿ. ಬೈಕಿಗೆ, ಬಸ್ಸಿಗೆ, ತಿರುವಿನಲ್ಲಿ, ಸೇತುವೆಯಲ್ಲಿ ಬಳಸಬೇಡಿ.

ಮರಳು ಟ್ರ್ಯಾಕ್ಟರ್, ಟಿಪ್ಪರ್‌ಗಳಿಗೆ ಬೇರೆ ಕ್ರಮವೇ?

ಹೌದು. ನಂಬರ್ ಪ್ಲೇಟ್ ಇಲ್ಲ, ಹಿಂದೆ ದೀಪವಿಲ್ಲ, ಮುಂದೆ ಬೈಕಿನಲ್ಲಿ ದಾರಿ ನೋಡಿ ಫೋನ್ ಮಾಡುವವನೊಬ್ಬ. ಹೊಳೆದಂಡೆಯ ಕಾಲುದಾರಿಯಲ್ಲಿ ಒಬ್ಬರು ಇಬ್ಬರು ಬೈಕಿನಲ್ಲಿ ಹೋಗಿ ಅಡ್ಡಗಟ್ಟುವುದು ಅತಿ ಅಪಾಯದ ಕೆಲಸ, ಹೆಚ್ಚಾಗಿ ನಡೆಯುವುದೂ ಅದೇ.

ಕಂದಾಯ, ಗಣಿ ಇಲಾಖೆಯವರನ್ನು ಕರೆದುಕೊಂಡು ಹೋಗಿ. ಸಾಧ್ಯವಾದರೆ ಲೋಡ್ ಮಾಡುವಾಗಲೇ, ಎಂಜಿನ್ ಆರಿರುವಾಗ ಹಿಡಿಯಿರಿ. ದಾರಿಯಲ್ಲಾದರೆ ಜನ ಅಡ್ಡ ನಿಲ್ಲುವ ಬದಲು ಖಾಲಿ ಲಾರಿ ಅಥವಾ ಜೆಸಿಬಿಯನ್ನು ಚಾಲಕ ಇಲ್ಲದೆ ಅಡ್ಡ ನಿಲ್ಲಿಸಿ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಜಾಗಕ್ಕೆ ಹತ್ತಬೇಡಿ. ಚಾಲಕ ಒಮ್ಮೆ ಸ್ಟೀರಿಂಗ್ ಎಳೆದರೆ ದೊಡ್ಡ ಚಕ್ರದಡಿಗೆ ಬೀಳುತ್ತೀರಿ. ಟಿಪ್ಪರ್‌ನ ಹಿಂದೆ ಹತ್ತಿರದಲ್ಲಿ ಹೋಗಬೇಡಿ. ಓಡುತ್ತಲೇ ಬಕೆಟ್ ಎತ್ತಿ ಮರಳು ಸುರಿಯುವವರಿದ್ದಾರೆ, ಆ ಮರಳಿನಲ್ಲಿ ಬೈಕ್ ಜಾರುತ್ತದೆ. ಲಾರಿ ನಿಂತ ಮೇಲೂ ಕ್ಯಾಬಿನ್ ನಿಮ್ಮ ತಲೆಗಿಂತ ಎತ್ತರದಲ್ಲಿದೆ. ಫುಟ್‌ಬೋರ್ಡ್ ಹತ್ತಿ ಮಾತನಾಡದೆ ಚಾಲಕನನ್ನೂ ಕ್ಲೀನರನ್ನೂ ಕೆಳಗೆ ಕರೆಯಿರಿ.

ಕುಡಿದ ಚಾಲಕನ ಬಗ್ಗೆ?

ಮೊದಲು ಎಂಜಿನ್ ಆಫ್, ಆಮೇಲೆ ಊದುವ ಯಂತ್ರ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಒಬ್ಬೊಬ್ಬರಿಗೂ ಹೊಸ ಕೊಳವೆ. ವಾಸನೆ ನೋಡಲೆಂದು ಕಿಟಕಿಯೊಳಗೆ ತಲೆ ಹಾಕಬೇಡಿ.

ಗಾಂಜಾ ಮಾಹಿತಿ ಇದ್ದರೆ ಹುಡುಕಾಟದಲ್ಲಿ ಏನು ಎಚ್ಚರ?

ಸುರಕ್ಷತೆಯ ತಪಾಸಣೆ ಬೇರೆ, ಮಾಲಿಗಾಗಿ ಮೈ ತಪಾಸಣೆ ಬೇರೆ. ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 50ನೇ ಕಲಂ ಪ್ರಕಾರ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಮೈ ತಪಾಸಣೆ ಮಾಡಿಸಿಕೊಳ್ಳುವ ಹಕ್ಕಿದೆ ಎಂದು ಆ ವ್ಯಕ್ತಿಗೆ ಹೇಳಲೇಬೇಕು. ಗಾಡಿ, ಚೀಲದ ಹುಡುಕಾಟಕ್ಕೆ ಈ ಕಲಂ ಬರುವುದಿಲ್ಲ. ಹೆಂಗಸರ ಮೈ ತಪಾಸಣೆ ಮಹಿಳಾ ಸಿಬ್ಬಂದಿಯಿಂದಲೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 105ನೇ ಕಲಮಿನಂತೆ ಶೋಧ, ಜಪ್ತಿಯ ವಿಡಿಯೊ ಆಗಬೇಕು, ಆದರೆ ವಿಡಿಯೊ ಮಾಡುವುದು ಕಾವಲಿನವರ ಕೆಲಸವಲ್ಲ. ಜೇಬಿಗೆ ಸೀದಾ ಕೈ ತೂರಿಸಬೇಡಿ, ಬ್ಲೇಡ್, ಸೂಜಿ ಇರುತ್ತವೆ. ಮೊದಲು ಅಂಗೈಯಿಂದ ಮೇಲೆ ಒತ್ತಿ ನೋಡಿ.

ಮೈಮೇಲೆ, ಜೀಪಿನಲ್ಲಿ ಏನಿರಬೇಕು?

ಪ್ರತಿಫಲಿಸುವ ಜಾಕೆಟ್, ಎಲ್‌ಇಡಿ ಬ್ಯಾಟನ್, ಟಾರ್ಚ್, ಚಾರ್ಜ್ ಇರುವ ವಾಕಿಟಾಕಿ, ಬಾಡಿ ಕ್ಯಾಮೆರಾ. ಮಲೆನಾಡಿನ ಮಳೆಯಲ್ಲಿ ಜಾಕೆಟ್ ಮೇಲೆ ಕಪ್ಪು ರೈನ್‌ಕೋಟ್ ಹಾಕಿಕೊಂಡು ಕತ್ತಲಲ್ಲಿ ಕರಗಿಹೋಗುವವರೇ ಹೆಚ್ಚು. ರೈನ್‌ಕೋಟ್ ಒಳಗೆ, ಜಾಕೆಟ್ ಹೊರಗೆ. ಒಗೆದು ಒಗೆದು ಪಟ್ಟಿ ಮಾಸಿದ್ದರೆ ಆ ಜಾಕೆಟ್ ಬರೀ ಬಟ್ಟೆ. 100 ಮೀಟರಿನಿಂದ ಹೆಡ್‌ಲೈಟ್ ಬಿಟ್ಟು ನೋಡಿ, ಹೊಳೆಯದಿದ್ದರೆ ಬದಲಾಯಿಸಿ. ಟಾರ್ಚ್ ಎಡಗೈಯಲ್ಲಿರಲಿ, ಬಲಗೈ ಖಾಲಿಯಿರಲಿ.

ಸಿಬ್ಬಂದಿಗೆ ಪೆಟ್ಟಾದರೆ ಮೊದಲು ಏನು?

ಮೊದಲು ಜೀಪನ್ನು ಬಿದ್ದವರಿಗೂ ಟ್ರಾಫಿಕ್ಕಿಗೂ ನಡುವೆ ಅಡ್ಡ ತಂದು ನಿಲ್ಲಿಸಿ. ಆಮೇಲೆ ರಕ್ತ ನಿಲ್ಲಿಸಿ. ಗಾಯದ ಮೇಲೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ. ಕೈಕಾಲಿನಿಂದ ಚಿಮ್ಮುತ್ತಿದ್ದರೆ ಗಾಯಕ್ಕಿಂತ 5–7 ಸೆ.ಮೀ. ಮೇಲೆ ಟೂರ್ನಿಕೆಟ್ (ರಕ್ತ ತಡೆಯುವ ಬಿಗಿಪಟ್ಟಿ) ಬಿಗಿದು, ಬಿಗಿದ ಸಮಯವನ್ನು ಪೆನ್ನಿನಿಂದ ಅಲ್ಲೇ ಬರೆಯಿರಿ. ಕತ್ತು, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಎಳೆದಾಡಬೇಡಿ. 108 ತಡವಾಗುತ್ತದೆ ಎಂದರೆ ಹಲಗೆಯ ಮೇಲೆ ಮಲಗಿಸಿ ಸಾಗಿಸಿ.

ಮೊಕದ್ದಮೆಗೆ ಸಾಮಾನ್ಯವಾಗಿ ಬರುವ ಕಲಂಗಳು ಭಾರತೀಯ ನ್ಯಾಯ ಸಂಹಿತೆಯ 132 (ಕರ್ತವ್ಯಕ್ಕೆ ಅಡ್ಡಿಪಡಿಸಲು ಬಲಪ್ರಯೋಗ), 121 (ಅದಕ್ಕಾಗಿ ಗಾಯಪಡಿಸುವುದು), 109 (ಕೊಲೆ ಯತ್ನ). ಬ್ರೇಕ್ ಗುರುತು, ಒಡೆದ ಗಾಜು, ಉದುರಿದ ಬಣ್ಣವನ್ನು ಮಳೆ ಬರುವ ಮೊದಲೇ ಫೋಟೊ ತೆಗೆಯಿರಿ.

ನಾನು ಪೊಲೀಸ್ ಅಲ್ಲ, ರಾತ್ರಿ ಕಾರು ಓಡಿಸುವವನು. ನಾಕಾದಲ್ಲಿ ಹೇಗಿರಬೇಕು?

ಹೆಡ್‌ಲೈಟ್ ಡಿಮ್ ಮಾಡಿ, ನಿಧಾನಕ್ಕೆ ಎಡಕ್ಕೆ ತಂದು ಎಂಜಿನ್ ಆಫ್ ಮಾಡಿ, ಒಳಗಿನ ದೀಪ ಹಾಕಿ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಕೇಳುವ ಮೊದಲೇ ಇಳಿದು ಬರಬೇಡಿ. ಡ್ಯಾಶ್‌ಬೋರ್ಡಿನಿಂದ ಕಾಗದ ತೆಗೆಯುವಾಗ “ತೆಗೆಯುತ್ತಿದ್ದೇನೆ ಸರ್” ಎಂದು ಹೇಳಿ ತೆಗೆಯಿರಿ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಡಿಎಲ್ ತೋರಿಸಬೇಕು, ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ನಿಲ್ಲಿಸಿದವರು ಪೊಲೀಸರೇ ಎಂಬ ಅನುಮಾನ ಬಂದರೆ ಗಾಜು ಸ್ವಲ್ಪವೇ ಇಳಿಸಿ, 112ಕ್ಕೆ ಕರೆ ಮಾಡಿ ಆ ಜಾಗದಲ್ಲಿ ನಾಕಾ ಇದೆಯೇ ಎಂದು ಕೇಳಿ.